ಜಾಲದಾಚೆಯ ವಿದ್ಯುತ್ ಸಂಗ್ರಹ: ಸೀಸಾಮ್ಲ ಮತ್ತು ಲಿಥಿಯಂ ಬ್ಯಾಟರಿಗಳ ತೌಲನಿಕ ಅವಲೋಕನ

ವಿದ್ಯುತ್ ಜಾಲ ತಲುಪದ ಮಲೆನಾಡಿನ ಒಂಟಿಮನೆಗಳಲ್ಲಿ ಸೌರಫಲಕವು ಹಗಲಿನಲ್ಲಿ ನೀಡುವ ವಿದ್ಯುತ್ತನ್ನು ರಾತ್ರಿಗೆ ಉಳಿಸಿಕೊಡುವುದು ಬ್ಯಾಟರಿ. ಇಡೀ ವ್ಯವಸ್ಥೆಯಲ್ಲಿ ಬೇಗ ಸವೆಯುವ ಭಾಗವೂ ಅದೇ. ಫಲಕವು 25 ವರ್ಷ ಬಾಳಬಲ್ಲದಾದರೂ ಆ ಅವಧಿಯಲ್ಲಿ ಸೀಸಾಮ್ಲ ಬ್ಯಾಟರಿಯನ್ನು ಹಲವು ಬಾರಿ ಬದಲಿಸಬೇಕಾಗುತ್ತದೆ. ಆದುದರಿಂದ ಮನೆಯ ಬೆಳಕಿನ ಭರವಸೆ, ಕುಟುಂಬದ ಸಾಲದ ಹೊರೆ ಎರಡೂ ಈ ಆಯ್ಕೆಯನ್ನು ಅವಲಂಬಿಸಿವೆ.

ಸೀಸಾಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ವಿದ್ಯುತ್ತನ್ನು ಬಳಸಿದಂತೆ ಅದರ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಗಂಧಕಾಮ್ಲ ತೆಳುವಾಗುತ್ತದೆ; ಮರಳಿ ಚಾರ್ಜ್ ಮಾಡಿದಾಗ ಈ ಕ್ರಿಯೆ ಹಿಮ್ಮುಖವಾಗುತ್ತದೆ. ಬ್ಯಾಟರಿಯು ಬಹುಕಾಲ ಅರೆಭರ್ತಿಯಲ್ಲೇ ಉಳಿದರೆ ಸಲ್ಫೇಟು ಗಟ್ಟಿಹರಳಾಗಿ, ಮರಳಿ ಕರಗದೆ, ಸಾಮರ್ಥ್ಯವನ್ನು ಶಾಶ್ವತವಾಗಿ ಕುಗ್ಗಿಸುತ್ತದೆ. ವಾರಗಟ್ಟಲೆ ಮೋಡ ಕವಿಯುವ ಆಷಾಢದ ಮಳೆಗಾಲದಲ್ಲಿ ಒದಗುವುದು ಇದೇ ಸ್ಥಿತಿ.

ಲಿಥಿಯಂ ಅಯಾನು ಬ್ಯಾಟರಿಯು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ವಿಕಾಸಕ್ಕಾಗಿ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಮನೆಬಳಕೆಯ ಸಂಗ್ರಹಕ್ಕೆ ಹೆಚ್ಚು ಒಪ್ಪುವುದು ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಪ್ರಭೇದ. ಇದರಲ್ಲಿ ಅಯಾನುಗಳು ಎರಡು ಧ್ರುವಗಳ ನಡುವೆ ಸಂಚರಿಸುವುದರಿಂದ ಸಲ್ಫೇಟಿನ ಪ್ರಶ್ನೆಯಿಲ್ಲ. ಅರೆಭರ್ತಿಯು ಇದಕ್ಕೆ ಹಾನಿಯಲ್ಲ.

ದಿನಕ್ಕೆ 1 ಯೂನಿಟ್ ಬಳಸುವ ಮನೆಗೆ ಎರಡು ದಿನಗಳ ಸಂಗ್ರಹ ಬೇಕೆಂದು ಭಾವಿಸೋಣ. ಸೀಸಾಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡುವುದು ಹಿತವಲ್ಲವಾದ್ದರಿಂದ 4 ಯೂನಿಟ್ ಸಾಮರ್ಥ್ಯ ಬೇಕು. ಅದರ ತೂಕ 100 ಕಿಲೋಗ್ರಾಂ ಮೀರುತ್ತದೆ. ಶೇ. 80ರಷ್ಟು ಬರಿದಾಗಬಲ್ಲ ಲಿಥಿಯಂ ಬ್ಯಾಟರಿಗೆ 2.5 ಯೂನಿಟ್ ಸಾಕು; ತೂಕವೂ ಅದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ತುಂಬಿದ ವಿದ್ಯುತ್ತಿನಲ್ಲಿ ಸೀಸಾಮ್ಲವು ಶೇ. 70ರಿಂದ 85ರಷ್ಟನ್ನು ಹಿಂದಿರುಗಿಸಿದರೆ ಲಿಥಿಯಂ ಶೇ. 90ಕ್ಕೂ ಹೆಚ್ಚನ್ನು ನೀಡುತ್ತದೆ. ಬಿಸಿಲು ವಿರಳವಾದ ದಿನಗಳಲ್ಲಿ ಈ ವ್ಯತ್ಯಾಸ ಗಣನೀಯ.

ಲಿಥಿಯಮ್ಮಿಗೂ ಮಿತಿಗಳುಂಟು. ಮೊದಲ ವೆಚ್ಚ ಅಧಿಕ. ಕೋಶಗಳ ವೋಲ್ಟೇಜನ್ನು ಕಾಯುವ ವಿದ್ಯುನ್ಮಾನ ಮಂಡಲ ಅನಿವಾರ್ಯ. ಅದು ಕೆಟ್ಟರೆ ಊರಿನ ಮೆಕ್ಯಾನಿಕ್‌ನಿಂದ ದುರಸ್ತಿ ಕಷ್ಟ. ಸೀಸಾಮ್ಲಕ್ಕೆ ಹೊಂದಿಸಿದ ಹಳೆಯ ಚಾರ್ಜ್ ನಿಯಂತ್ರಕವನ್ನು ಬದಲಾವಣೆಯಿಲ್ಲದೆ ಇದಕ್ಕೆ ಜೋಡಿಸುವುದು ತರವಲ್ಲ. ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡುವಂತೆಯೂ ಇಲ್ಲ. ಲಡಾಖಿನಂತಹ ಪ್ರದೇಶಗಳಲ್ಲಿ ಇದು ಮುಖ್ಯ ತೊಡಕು.

ಹಳೆಯ ಸೀಸಕ್ಕೆ ಎಲ್ಲೆಡೆ ಗಿರಾಕಿಯುಂಟು. ಆದರೆ ಅನಧಿಕೃತ ಕುಲುಮೆಗಳಲ್ಲಿ ಅದನ್ನು ಕರಗಿಸಿದಾಗ ಏಳುವ ಹೊಗೆ, ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. 2001ರ ಕೇಂದ್ರ ನಿಯಮಗಳು ಸೀಸಾಮ್ಲ ಬ್ಯಾಟರಿಗಳಿಗಷ್ಟೇ ಅನ್ವಯಿಸುತ್ತಿದ್ದವು. 2022ರ ನಿಯಮಗಳು ಎಲ್ಲ ಬಗೆಯವನ್ನೂ ಒಳಗೊಂಡಿವೆ.

ಹೀಗಾಗಿ ಪ್ರತಿದಿನ ಆಳವಾಗಿ ಬಳಸುವ, ಮಳೆಗಾಲದಲ್ಲಿ ಅರೆಭರ್ತಿಯಲ್ಲುಳಿಯುವ ಮನೆಗೆ ಲಿಥಿಯಂ ಲೇಸು. ಅಪರೂಪಕ್ಕೆ ಬಳಸುವ, ಸದಾ ಭರ್ತಿಯಲ್ಲಿರುವ, ನೀರು ತುಂಬುವ ಕೈಯಿರುವ ಕಡೆ ಸೀಸಾಮ್ಲ ಇಂದಿಗೂ ಸಲ್ಲುತ್ತದೆ. ಬೆಲೆಯನ್ನು ತೂಗುವಾಗ ಕೊಂಡ ದಿನದ ಮೊತ್ತಕ್ಕಿಂತ, ಬಾಳುವಷ್ಟು ಕಾಲ ನೀಡುವ ಪ್ರತಿ ಯೂನಿಟ್ಟಿನ ವೆಚ್ಚವೇ ಸರಿಯಾದ ಮಾನದಂಡ.