ಕೊಡುವ ಕೈಗೆ ಮಿತಿ, ಸುರಿಯುವ ಕೈಗೆ ಇಲ್ಲ

1972ರ ಜೂನ್ 17ರ ನಸುಕು. ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಐವರು ಪೊಲೀಸರ ಕೈಗೆ ಸಿಕ್ಕಿಬಿದ್ದರು. ಅವರ ಬಳಿ ಸಿಕ್ಕ ನೂರು ಡಾಲರ್ ನೋಟುಗಳ ನಂಬರುಗಳು ಒಂದರ ಹಿಂದೊಂದು ಸಾಲಾಗಿದ್ದವು. ಆ ಜಾಡು ಹಿಡಿದು ಹೊರಟರೆ, ಐವರಲ್ಲೊಬ್ಬನಾದ ಬರ್ನಾರ್ಡ್ ಬಾರ್ಕರ್‌ನ ಮಯಾಮಿಯ ಬ್ಯಾಂಕ್ ಖಾತೆಗೆ ಬಂತು. ಖಾತೆಗೆ ಜಮಾ ಆಗಿದ್ದ ಚೆಕ್ಕುಗಳಲ್ಲಿ ಒಂದು 25,000 ಡಾಲರಿನದು. ಅದರ ಮೇಲಿದ್ದ ಹೆಸರು ಕೆನೆತ್ ಡಾಲ್‌ಬರ್ಗ್.

‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಬಾಬ್ ವುಡ್‌ವರ್ಡ್ ಈ ಡಾಲ್‌ಬರ್ಗ್‌ಗೆ ಫೋನ್ ಮಾಡಿದರು. ಅಧ್ಯಕ್ಷ ನಿಕ್ಸನ್ ಅವರ ಮರುಆಯ್ಕೆಗೆ ಹಣ ಕೂಡಿಸುತ್ತಿದ್ದ ಡಾಲ್‌ಬರ್ಗ್, ಚೆಕ್ಕನ್ನು ಪ್ರಚಾರ ಸಮಿತಿಗೆ ಒಪ್ಪಿಸಿದ್ದಾಗಿ ಹೇಳಿಬಿಟ್ಟರು. ಆಗಸ್ಟ್ 1ರಂದು ಸುದ್ದಿ ಅಚ್ಚಾಯಿತು. ಚುನಾವಣೆಗೆಂದು ಕೊಟ್ಟ ಹಣ ಕಳ್ಳತನದ ಖರ್ಚಿಗೆ ಹೋಗಿತ್ತು.

ಆ ಹಣ ಗುಟ್ಟಾಗಿ ಉಳಿದದ್ದಕ್ಕೆ ಒಂದು ತಾರೀಖು ಕಾರಣ. ದಾನಿಗಳ ಹೆಸರು ಬಯಲು ಮಾಡಲೇಬೇಕೆನ್ನುವ ಹೊಸ ಕಾನೂನು ಆ ವರ್ಷ ಏಪ್ರಿಲ್ 7ರಂದು ಜಾರಿಗೆ ಬರುವುದಿತ್ತು. ಅದಕ್ಕೆ ಮೊದಲು ಇದ್ದದ್ದು 1925ರ ಹಲ್ಲಿಲ್ಲದ ಕಾನೂನು. ನಿಕ್ಸನ್ ಪಾಳಯದ ಹಣಕಾಸು ಮುಖ್ಯಸ್ಥ ಮಾರಿಸ್ ಸ್ಟಾನ್ಸ್ ಮತ್ತು ಅವರ ಜನ ಗಡುವಿನೊಳಗೆ ಬಂದಷ್ಟೂ ಬರಲೆಂದು ದೇಶ ಸುತ್ತಿ ಹಣ ಸೇರಿಸಿದರು. ಡಾಲ್‌ಬರ್ಗ್ ಕೈಗೆ ಒಬ್ಬ ಉದ್ಯಮಿ ಕೊಟ್ಟ ನಗದಂತೂ ಗಡುವು ದಾಟಿಯೇ ಬಂದಿತ್ತು. ಮಾತು ಮೊದಲೇ ಆಗಿತ್ತೆಂಬ ನೆಪದಲ್ಲಿ ಅದೂ ಲೆಕ್ಕದಾಚೆ ಉಳಿಯಿತು.

ಇದಕ್ಕೂ ಹಿಂದೆ ಕಾನೂನೇ ಇರಲಿಲ್ಲ ಎಂದಲ್ಲ. 1904ರ ಚುನಾವಣೆಯಲ್ಲಿ ನ್ಯೂಯಾರ್ಕ್‌ನ ವಿಮಾ ಕಂಪನಿಗಳು ಪಾಲಿಸಿದಾರರ ಕಂತಿನ ಹಣವನ್ನು ಥಿಯೊಡೋರ್ ರೂಸ್‌ವೆಲ್ಟ್ ಪ್ರಚಾರಕ್ಕೆ ಕೊಟ್ಟದ್ದು ಮರುವರ್ಷದ ವಿಚಾರಣೆಯಲ್ಲಿ ಹೊರಬಿದ್ದು, 1907ರಲ್ಲಿ ಕಂಪನಿಗಳು ಅಭ್ಯರ್ಥಿಗಳಿಗೆ ದೇಣಿಗೆ ಕೊಡುವುದು ನಿಷಿದ್ಧವಾಯಿತು. ಆದರೆ ಚಾಪೆ ಕೆಳಗೆ ತೂರುವವರು ತೂರುತ್ತಲೇ ಇದ್ದರು. ಹಿಡಿಯಲು ಒಂದು ಪ್ರತ್ಯೇಕ ಸಂಸ್ಥೆಯೇ ಇರಲಿಲ್ಲ.

ವಾಟರ್‌ಗೇಟ್‌ನ ಸಿಟ್ಟಿನಲ್ಲಿ 1974ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನು ಇಡಿಯಾದದ್ದು. ಒಬ್ಬ ಅಭ್ಯರ್ಥಿಗೆ ಒಬ್ಬ ವ್ಯಕ್ತಿ ಒಂದು ಚುನಾವಣೆಗೆ 1,000 ಡಾಲರಿಗಿಂತ ಹೆಚ್ಚು ಕೊಡುವಂತಿಲ್ಲ. ಅಭ್ಯರ್ಥಿ ಒಟ್ಟು ಖರ್ಚು ಮಾಡುವುದಕ್ಕೂ ಮಿತಿ, ಸ್ವಂತ ಜೇಬಿನಿಂದ ಸುರಿಯುವುದಕ್ಕೂ ಮಿತಿ, ಹೊರಗಿನವರು ತಾವಾಗಿ ಪ್ರಚಾರಕ್ಕೆ ಖರ್ಚು ಮಾಡುವುದಕ್ಕೂ ಮಿತಿ. ಕಾವಲಿಗೆ ಫೆಡರಲ್ ಚುನಾವಣಾ ಆಯೋಗ. ಅಧ್ಯಕ್ಷ ಫೋರ್ಡ್ ಅಕ್ಟೋಬರ್ 15ರಂದು ಸಹಿ ಹಾಕಿದರು.

ಮೂರು ತಿಂಗಳೊಳಗೆ ಮೊಕದ್ದಮೆ ಬಿತ್ತು. ನ್ಯೂಯಾರ್ಕ್‌ನ ಬಲಪಂಥೀಯ ಸೆನೆಟರ್ ಜೇಮ್ಸ್ ಬಕ್ಲಿ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ್ದ ಯೂಜೀನ್ ಮೆಕಾರ್ಥಿ ಇಬ್ಬರೂ ಒಂದೇ ಕಡೆ ನಿಂತರು. ಹಣವಿಲ್ಲದೆ ಮಾತು ಜನರಿಗೆ ಮುಟ್ಟುವುದಿಲ್ಲ, ಆದ್ದರಿಂದ ಖರ್ಚಿಗೆ ಬೇಲಿ ಹಾಕಿದರೆ ಮಾತಿಗೇ ಬೇಲಿ ಹಾಕಿದಂತೆ ಎಂಬುದು ವಾದ. 1976ರ ಜನವರಿ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಧ್ಯಕ್ಷೀಯ ಪ್ರಾಥಮಿಕ ಚುನಾವಣೆಗಳು ಬಾಗಿಲಲ್ಲಿದ್ದವು. ನ್ಯಾಯಮೂರ್ತಿಗಳು ಭಾಗಗಳನ್ನು ಹಂಚಿಕೊಂಡು ಬರೆದ ಉದ್ದನೆಯ ತೀರ್ಪು ಅದು. ಬರೆದವರ ಹೆಸರೇ ಇಲ್ಲ.

ಕೋರ್ಟು ಕಾನೂನನ್ನು ನಡುವೆ ಸೀಳಿತು. ದೇಣಿಗೆಗೆ ಮಿತಿ ಸರಿ, ಏಕೆಂದರೆ ದೊಡ್ಡ ದೇಣಿಗೆಯ ಹಿಂದೆ ಕೊಡು-ಕೊಳ್ಳುವಿಕೆ ಇರಬಹುದು. ಖರ್ಚಿಗೆ ಮಿತಿ ತಪ್ಪು, ಏಕೆಂದರೆ ಅದು ಮಾತು. ಖರ್ಚಿಗೆ ಮಿತಿ ಹಾಕುವುದೆಂದರೆ ಒಂದೇ ಟ್ಯಾಂಕ್ ಪೆಟ್ರೋಲು ಕೊಟ್ಟು ಎಷ್ಟು ದೂರ ಬೇಕಾದರೂ ಓಡಿಸಿಕೋ ಎಂದ ಹಾಗೆ ಎಂದು ತೀರ್ಪಿನ ಒಂದು ಅಡಿಟಿಪ್ಪಣಿ ಹೇಳುತ್ತದೆ. ಹೋಲಿಕೆ ಚೆನ್ನಾಗಿದೆ, ಆದರೆ ಪಕ್ಕದವನ ಬಳಿ ಪೆಟ್ರೋಲ್ ಬಂಕೇ ಇದ್ದರೇನು ಗತಿ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. 1960ರಲ್ಲಿ ಕೆನಡಿ ಪ್ರಚಾರದಲ್ಲಿ ದುಡಿದು ಚುನಾವಣೆಯನ್ನು ಒಳಗಿನಿಂದ ಕಂಡಿದ್ದ ನ್ಯಾಯಮೂರ್ತಿ ಬೈರನ್ ವೈಟ್ ಎರಡೂ ಮಿತಿಗಳು ಉಳಿಯಬೇಕೆಂದರು. ಮುಖ್ಯ ನ್ಯಾಯಮೂರ್ತಿ ಬರ್ಗರ್, ಕೊಡುವುದು ಮತ್ತು ಖರ್ಚು ಮಾಡುವುದು ಒಂದೇ ನಾಣ್ಯದ ಎರಡು ಮುಖ, ಆದ್ದರಿಂದ ಎರಡೂ ಮಿತಿಗಳು ಹೋಗಬೇಕೆಂದರು. ವಿರುದ್ಧ ದಿಕ್ಕಿನ ಈ ಇಬ್ಬರೂ ಕಂಡದ್ದು ಒಂದನ್ನೇ: ಅರ್ಧ ಕಾನೂನು ನಿಲ್ಲಲಾರದು. ನನಗೆ ಇಡೀ ಕಥೆಯಲ್ಲಿ ಮನಸ್ಸಿಗೆ ನಾಟುವುದು ಇದು. ಅಮೆರಿಕದಲ್ಲಿ ಇಂದು ನಡೆಯುತ್ತಿರುವ ವ್ಯವಸ್ಥೆಗೆ ಯಾವ ಜನಪ್ರತಿನಿಧಿಯೂ ಮತ ಹಾಕಿಲ್ಲ. ಅದು ಕತ್ತರಿಸಿ ಉಳಿದದ್ದು.

ಉಳಿದದ್ದರಲ್ಲಿ ಸ್ವಂತ ಹಣಕ್ಕೆ ತಡೆಯಿಲ್ಲ. ಬೆಳಗಾವಿಯಲ್ಲಿ ಬೆಳೆದು ಅಮೆರಿಕದಲ್ಲಿ ಉದ್ಯಮಿಯಾದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಟಿಕೆಟ್‌ಗೆ ಸುಮಾರು 1 ಕೋಟಿ ಡಾಲರ್ ಸ್ವಂತ ಹಣ ಹಾಕಿ ಮೂರನೆಯವರಾದರು. 2022ರಲ್ಲಿ ಮತ್ತೆ ಸ್ವಂತ ಹಣದಲ್ಲೇ ಸ್ಪರ್ಧಿಸಿ ಡೆಟ್ರಾಯಿಟ್ ಭಾಗದಿಂದ ಕಾಂಗ್ರೆಸ್‌ಗೆ ಗೆದ್ದರು. ಹಣವಿದ್ದರೆ ಗೆಲುವು ಖಂಡಿತ ಅಲ್ಲ, ಆದರೆ ಎರಡನೇ ಸಲ ಕಣಕ್ಕಿಳಿಯುವ ಶಕ್ತಿ ಎಷ್ಟು ಜನಕ್ಕಿದೆ?

ಸೀಳು ಪೂರ್ತಿ ಬಾಯ್ಬಿಟ್ಟದ್ದು 2010ರಲ್ಲಿ. ಹಿಲರಿ ಕ್ಲಿಂಟನ್ ವಿರುದ್ಧದ ಒಂದು ಚಿತ್ರದಿಂದ ಹುಟ್ಟಿದ ‘ಸಿಟಿಜನ್ಸ್ ಯುನೈಟೆಡ್’ ಪ್ರಕರಣದಲ್ಲಿ, ಅಭ್ಯರ್ಥಿಯೊಂದಿಗೆ ಮಾತಾಡಿಕೊಳ್ಳದೆ ಮಾಡುವ ಖರ್ಚಿನಿಂದ ಭ್ರಷ್ಟಾಚಾರ ಹುಟ್ಟದು, ಕಂಪನಿಗಳೂ ಮಾಡಲಿ ಎಂದು ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. ಸುಮಾರು ಎರಡು ತಿಂಗಳಲ್ಲಿ ಇನ್ನೊಂದು ನ್ಯಾಯಾಲಯ ಮುಂದಿನ ಹೆಜ್ಜೆ ಇಟ್ಟಿತು: ಹಾಗಿದ್ದರೆ ಅಂಥ ಖರ್ಚು ಮಾಡುವ ಗುಂಪಿಗೆ ಕೊಡುವ ಹಣಕ್ಕೂ ಮಿತಿ ಬೇಡ. ‘ಸೂಪರ್ ಪ್ಯಾಕ್’ ಎಂಬ ಅಂಥ ಗುಂಪುಗಳು ಹುಟ್ಟಿದ್ದು ಹೀಗೆ. 2024ರಲ್ಲಿ ಸಾಮಾನ್ಯ ನಾಗರಿಕ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾಗಿದ್ದದ್ದು 3,300 ಡಾಲರ್. ಇಲಾನ್ ಮಸ್ಕ್ ಟ್ರಂಪ್ ಮತ್ತು ರಿಪಬ್ಲಿಕನ್ ಅಭ್ಯರ್ಥಿಗಳ ಪರ ಸುರಿದದ್ದು 25 ಕೋಟಿ ಡಾಲರಿಗೂ ಹೆಚ್ಚು. ಎರಡೂ ಕಾನೂನುಬದ್ಧ.

ಕೊಟ್ಟವರ ಹೆಸರು ಬಯಲಾಗುವುದರಲ್ಲೂ ಇದೇ ಅಂತರ. ನ್ಯೂಜೆರ್ಸಿಯಲ್ಲಿ ಗ್ರೀನ್ ಕಾರ್ಡ್ ಪಡೆದ ನಮ್ಮ ಎಂಜಿನಿಯರ್ ಒಬ್ಬರಿಗೆ ಮತದ ಹಕ್ಕಿಲ್ಲ, ದೇಣಿಗೆಯ ಹಕ್ಕಿದೆ. ಅವರು ಒಬ್ಬ ಅಭ್ಯರ್ಥಿಗೆ 200 ಡಾಲರ್ ಮೀರಿ ಕೊಟ್ಟರೆ ಹೆಸರು, ಊರು, ಉದ್ಯೋಗ, ಕೆಲಸ ಕೊಟ್ಟ ಕಂಪನಿ ಎಲ್ಲವೂ ಚುನಾವಣಾ ಆಯೋಗದ ತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಬರುತ್ತದೆ. ‘ಸಮಾಜ ಕಲ್ಯಾಣ’ದ ಹೆಸರಿನ ಲಾಭರಹಿತ ಸಂಘವೊಂದು ಸೂಪರ್ ಪ್ಯಾಕ್‌ಗೆ ಕೋಟಿ ಡಾಲರ್ ಕೊಟ್ಟಾಗ ಅದೇ ತಾಣದಲ್ಲಿ ಬರುವುದು ಸಂಘದ ಹೆಸರು ಮಾತ್ರ. ಆ ಸಂಘಕ್ಕೆ ಹಣ ಕೊಟ್ಟವರ ಹೆಸರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ.