ಚಿತ್ತಾ ನಕ್ಷತ್ರದ ಕೆಳಗೆ

ನಕ್ಷತ್ರವೀಕ್ಷಣೆಯಲ್ಲಿ ಆಸಕ್ತಿಯುಳ್ಳ ಬೆಳಗಾವಿಯವರಿಗೆ ಭೂಗೋಳವು ಎರಡು ಉಪಕಾರಗಳನ್ನು ಮಾಡಿದೆ: ಊರು ಹದಿನಾರನೆಯ ಉತ್ತರ ಅಕ್ಷಾಂಶಕ್ಕಿಂತ ತುಸು ಕೆಳಗಿರುವುದು ಒಂದು; ಅಲ್ಲಿಂದ ಸುಮಾರು 25 ಕಿಲೋಮೀಟರು ದೂರದ ಖಾನಾಪುರವು ಹೆಚ್ಚುಕಡಿಮೆ ನೇರ ದಕ್ಷಿಣಕ್ಕೇ ಇರುವುದು ಇನ್ನೊಂದು. ನಮ್ಮ ಆಕಾಶಗಂಗೆಗೆ ಸೇರಿದ ನೂರೈವತ್ತಕ್ಕೂ ಮಿಕ್ಕ ಗೋಳಾಕಾರದ ತಾರಾಗುಚ್ಛಗಳಲ್ಲಿ ಅತ್ಯಂತ ಉಜ್ಜ್ವಲವಾದ ಒಮೇಗಾ ಸೆಂಟಾರಿಯು ವಿಷುವದ್ವೃತ್ತದಿಂದ 47 ಅಂಶಗಳಷ್ಟು ದಕ್ಷಿಣಕ್ಕೆ ಸರಿದಿರುವುದರಿಂದ ಲಂಡನ್ನಿನ ದಿಗಂತದ ಮೇಲೆ ಎಂದೂ ಏಳದು. ಪ್ರಾಚೀನರು ಒಂಟಿ ನಕ್ಷತ್ರವೆಂದೇ ಬಗೆದಿದ್ದ ಅದು ಬರಿಯ ನಕ್ಷತ್ರವಲ್ಲವೆಂಬುದನ್ನು 1677ರಲ್ಲಿ ಗುರುತಿಸಲು ಎಡ್ಮಂಡ್ ಹ್ಯಾಲಿಯು ಸೇಂಟ್ ಹೆಲೀನಾ ದ್ವೀಪದವರೆಗೆ ಹಡಗಿನಲ್ಲಿ ಹೋಗಬೇಕಾಯಿತು. ನಮ್ಮವರು ಖಾನಾಪುರದ ಬಸ್ಸು ಹತ್ತಿದರೆ ಸಾಕು.

ಮೇ ತಿಂಗಳ ನಡುವೆ, ಅಡ್ಡಮಳೆಯೊಂದು ಸುರಿದು ಧೂಳಡಗಿದ ಬೆಳದಿಂಗಳಿಲ್ಲದ ರಾತ್ರಿ, ಹತ್ತೂವರೆಯ ಸುಮಾರಿಗೆ ಅಲ್ಲಿನ ಬಯಲೊಂದರಲ್ಲಿ ದಕ್ಷಿಣಾಭಿಮುಖವಾಗಿ ನಿಂತರೆ, ನಗರದ ದೀಪಗಳ ಮಬ್ಬು ಬೆನ್ನಹಿಂದೆ ಉಳಿದು, ಎದುರಿಗೆ ಲೋಂಡಾ, ನಾಗರಗಾಳಿಗಳ ಕಾಡಿನ ಮೇಲಣ ಕತ್ತಲೆ ಇರುತ್ತದೆ. ಎತ್ತರದಲ್ಲಿ ಹೊಳೆಯುವ ಚಿತ್ತಾ ನಕ್ಷತ್ರದಿಂದ ನೆಟ್ಟಗೆ ಕೆಳಗಿಳಿದು, ಚಾಚಿದ ತೋಳಿನ ಮುಷ್ಟಿಯಿಂದ ಮೂರೂವರೆ ಮುಷ್ಟಿಗಳಷ್ಟು ಅಳೆದರೆ, ತ್ರಿಶಂಕುವಿಗಿಂತ ಮೇಲೆ, ತುಸು ಎಡಕ್ಕೆ, ದಿಗಂತದಿಂದ 27 ಅಂಶಗಳ ಎತ್ತರದಲ್ಲಿ, ಅಂಚು ಕಲೆಸಿದಂಥ ಮಸಕು ಚುಕ್ಕೆಯೊಂದು ಬರಿಗಣ್ಣಿಗೇ ಗೋಚರಿಸುವುದು. ಆರೆಂಟು ಅಂಗುಲದ ದೂರದರ್ಶಕವನ್ನು ಅತ್ತ ತಿರುಗಿಸಿದೊಡನೆ ಅದು ಕರಿಯ ಕಂಬಳಿಯ ಮೇಲೆ ಚೆಲ್ಲಿದ ಸಣ್ಣ ರವೆಯಂತೆ ಕಣಕಣವಾಗಿ ಬಿಡಿಸಿಕೊಳ್ಳುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳು ಪರಸ್ಪರ ಗುರುತ್ವಾಕರ್ಷಣದಿಂದ ಬಂಧಿತವಾಗಿ 150 ಜ್ಯೋತಿರ್ವರ್ಷಗಳ ವ್ಯಾಸದಲ್ಲಿ ನೆರೆದಿರುವ ಆ ಸಮುದಾಯದಿಂದ ಹೊರಟ ಬೆಳಕು ನಮ್ಮನ್ನು ತಲುಪಲು ಸುಮಾರು 17,000 ವರ್ಷಗಳು ಹಿಡಿಯುತ್ತವೆ.

ಜ್ಯೇಷ್ಠೆಯ ಮಗ್ಗುಲಿನ ಎಂ-4, ಧನುರಾಶಿಯ ಎಂ-22 ಮೊದಲಾದ ಗುಚ್ಛಗಳೂ ನಮಗೆ ಸುಲಭಸಾಧ್ಯವೇ; ಆದರೆ ಅವುಗಳ ಪ್ರಶಸ್ತ ಕಾಲವನ್ನು ಮೃಗಶಿರಾ, ಆರಿದ್ರಾ ಮಳೆಗಳು ನುಂಗಿಬಿಡುತ್ತವೆ. ನಕ್ಷತ್ರಗಳ ಹೆಸರಿಟ್ಟುಕೊಂಡ ಮಳೆಗಳೇ ನಕ್ಷತ್ರಗಳನ್ನು ಮರೆಮಾಡುವುದಕ್ಕೆ ಜಾಂಬೋಟಿ, ಕಣಕುಂಬಿಗಳ ಸೀಮೆಯಲ್ಲಿ ಪರಿಹಾರವಿಲ್ಲ. ಗೋಳಾಕಾರದ ಗುಚ್ಛಗಳು ಧನುರಾಶಿಯ ಕಡೆಗೇ ದಟ್ಟೈಸಿರುವುದನ್ನು ಗಮನಿಸಿಯೇ ಹಾರ್ಲೋ ಶಾಪ್ಲೆಯು 1918ರಲ್ಲಿ ಆಕಾಶಗಂಗೆಯ ಕೇಂದ್ರವು ಸೂರ್ಯನಿಂದ ಬಹುದೂರದಲ್ಲಿ ಆ ದಿಕ್ಕಿನಲ್ಲಿದೆಯೆಂದು ಪ್ರತಿಪಾದಿಸಿದ್ದು.

ಛಾಯಾಗ್ರಹಣವು ಇನ್ನೊಂದು ಬಗೆಯ ತಾಳ್ಮೆಯನ್ನು ಬೇಡುತ್ತದೆ. ಮುಕ್ಕಾಲಿಯ ಮೇಲಿಟ್ಟ ಸಾಮಾನ್ಯ ಕ್ಯಾಮೆರಾದ 50 ಮಿಲಿಮೀಟರ್ ಲೆನ್ಸಿನಿಂದ ಐದಾರು ಸೆಕೆಂಡುಗಳಲ್ಲಿ ಒಮೇಗಾ ಸೆಂಟಾರಿಯ ಮಸುಕು ಮೂಡೀತು. ದೂರದರ್ಶಕಕ್ಕೆ ಜೋಡಿಸಿದಾಗಲಾದರೋ, ಭೂಭ್ರಮಣವನ್ನು ಸರಿದೂಗಿಸುವ ಮೋಟಾರು ಬೇಕು. ಗರ್ಭಭಾಗಕ್ಕೆ ಅಲ್ಪಾವಧಿಯ, ಅಂಚಿನ ಕ್ಷೀಣತಾರೆಗಳಿಗೆ ದೀರ್ಘಾವಧಿಯ ಚಿತ್ರಗಳನ್ನು ಹತ್ತಾರು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಬೇಕು. ಅಷ್ಟು ತಗ್ಗಿನಲ್ಲಿ ನಡುನೆತ್ತಿಯ ಎರಡು ಪಟ್ಟಿಗೂ ಮಿಕ್ಕ ಗಾಳಿಯನ್ನು ತೂರಿ ನೋಡಬೇಕಾಗುವುದರಿಂದ ತಾರೆಗಳು ಕದಡಿದಂತೆ ಬೀಳುವುದೂ ಉಂಟು. ಅಂಚನ್ನು ಹಿಗ್ಗಿಸುವ ಆಸೆಯಿಂದ ಗರ್ಭವನ್ನು ಬಿಳಿಯ ಮುದ್ದೆಯಾಗಿಸುವ ಚಿತ್ರಕ್ಕಿಂತ, ಸಾವಿರಕೋಟಿ ವರ್ಷಗಳಿಗೂ ಹಿರಿಯ ವಯಸ್ಸನ್ನು ಸಾರುವ ಕಿತ್ತಳೆಬಣ್ಣದ ದೈತ್ಯತಾರೆಗಳು ಒಂದೊಂದಾಗಿ ಎಣಿಕೆಗೆ ಸಿಗುವ ಸಣ್ಣ ಚಿತ್ರವೇ ಮೇಲೆಂದು ನನ್ನ ಮತ.

ಈ ದೈತ್ಯರ ದಟ್ಟಣೆಯಲ್ಲಿ ಅಡಗಿದ ವಿರಳವಾದ ಉಷ್ಣತಾರೆಗಳನ್ನು ಪತ್ತೆಮಾಡಲು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಅತಿನೇರಳೆ ಬೆಳಕನ್ನು ಆಶ್ರಯಿಸಿದ್ದಾರೆ. ಆ ಬೆಳಕಿನಲ್ಲಿ ಕೆಂಪುದೈತ್ಯರು ಬಹುಮಟ್ಟಿಗೆ ಮಂಕಾಗಿ, ಉಷ್ಣತಾರೆಗಳಷ್ಟೇ ಎದ್ದು ತೋರುತ್ತವೆ. ಅವರ ಮುಂದಾಳುತನದಲ್ಲಿ ನಿರ್ಮಿತವಾಗಿ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಮೇಲೇರಿದ ದೂರದರ್ಶಕವು ಒಮೇಗಾ ಸೆಂಟಾರಿಯನ್ನೂ ಚಿತ್ರಿಸಿತು. ಅದರ ಕೆಲವು ಉಷ್ಣತಾರೆಗಳು ಸಿದ್ಧಾಂತದ ಲೆಕ್ಕಕ್ಕಿಂತ ಮಂಕಾಗಿರುವುದು ಕಂಡುಬಂದಿದೆ.