ಹದಿಮೂರು ಸಾಲಿನ ಅಂಕಪಟ್ಟಿ

2014ರ ಬೇಸಿಗೆಯಲ್ಲಿ ಪತ್ರಿಕೆಯಿಂದ ಕತ್ತರಿಸಿಟ್ಟ ತುಣುಕೊಂದು ಈಚೆಗೆ ಮೇಜಿನ ಖಾನೆ ಚೊಕ್ಕಟ ಮಾಡುವಾಗ ಕೈಗೆ ಸಿಕ್ಕಿತು. ಆ ಸಾಲಿನ ಐ-ಲೀಗ್ ಫುಟ್‌ಬಾಲ್ ಟೂರ್ನಿಯ ಅಂತಿಮ ಅಂಕಪಟ್ಟಿ ಅದು. ಹದಿಮೂರು ತಂಡಗಳು, ತಲಾ 24 ಪಂದ್ಯಗಳು. ಮೊದಲ ಸಾಲಿನಲ್ಲಿ ಬೆಂಗಳೂರು ಎಫ್‌ಸಿ, 47 ಅಂಕ. ಎರಡನೆಯದರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್, 43 ಅಂಕ. ಅಂದು ಅದನ್ನು ಜೋಪಾನ ಮಾಡಿದ್ದು ಮೊದಲ ಸಾಲಿನ ಆಸೆಗೆ. ಈ ಸಲ ಕಣ್ಣು ನಿಂತದ್ದು ಉಳಿದ ಹನ್ನೆರಡರ ಮೇಲೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಲೀಗನ್ನು ಹೊಸ ನಗರಗಳಿಗೆ ವಿಸ್ತರಿಸಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬಿಡ್ ಕರೆದಾಗ ಜೆಎಸ್‌ಡಬ್ಲ್ಯು ಸಮೂಹ ನಮ್ಮ ನಗರದ ತಂಡದ ಹಕ್ಕು ಪಡೆಯಿತು. ಎರಡೇ ತಿಂಗಳಲ್ಲಿ ಆಟಗಾರರು, ತರಬೇತುದಾರರು, ನೀಲಿ ಅಂಗಿ ಎಲ್ಲವೂ ಸಿದ್ಧವಾದವು. ಸೆಪ್ಟೆಂಬರ್ 22ರ ಭಾನುವಾರ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಾಳಿ ಮೋಹನ್ ಬಾಗಾನ್. 1889ರಲ್ಲಿ ಸ್ಥಾಪನೆಯಾದ, 1911ರಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲೇ ಆಡಿ ಬ್ರಿಟಿಷ್ ರೆಜಿಮೆಂಟಿನ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ತಂಡ. ಕೂಸಿಗೂ ಮುತ್ತಜ್ಜನಿಗೂ ಕುಸ್ತಿ ಎಂದು ನಾನೂ ನಗುತ್ತಲೇ ಟಿಕೆಟ್ ಕೊಂಡೆ. ಪಂದ್ಯ 1–1ರಲ್ಲಿ ಸಮವಾಯಿತು. ಹೊರಗೆ ಬರುವಾಗ ನಗು ಹೋಗಿತ್ತು. ಮುಂದಿನ ಪಂದ್ಯ ಯಾವಾಗ ಎಂದು ಅಪರಿಚಿತರನ್ನು ಕೇಳುತ್ತಿದ್ದೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೆಂದು ತಿಳಿದವರು ಆಗ ಬಹಳ ಮಂದಿ ಇದ್ದರು, ಈಗಲೂ ಇದ್ದಾರೆ. ದಂಡು ಪ್ರದೇಶದ ಮೈದಾನಗಳಲ್ಲಿ ಬೆಳೆದ ಆಟ ಇದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಮೈಸೂರು ತಂಡದ ಆಟಗಾರ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ಹಲವು ಬಾರಿ ಗೆದ್ದಿತ್ತು. 1969ರ ನಂತರ ಮತ್ತೆ ಅದು ನಮ್ಮ ಕೈಗೆ ಬಂದದ್ದು 2023ರಲ್ಲಿ, ರಿಯಾದ್‌ನಲ್ಲಿ. ನಡುವಿನ ದಶಕಗಳಲ್ಲಿ ಈ ನಗರದ ಆಟವನ್ನು ಹೊತ್ತು ನಡೆದವು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ವಲಯದ ಕಾರ್ಖಾನೆಗಳ ತಂಡಗಳು. ಅಂಥದೊಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ತಂದೆ, ಪಾಳಿ ಮುಗಿಸಿ ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ನಾನು ಆಸ್ಟಿನ್ ಟೌನಿನ ಕಡೆಯಿಂದ ನಡೆದುಹೋಗಿ ಅವರನ್ನು ಸೇರಿಕೊಳ್ಳುತ್ತಿದ್ದೆ. ಎಚ್‌ಎಎಲ್ ಐ-ಲೀಗ್‌ನಿಂದ ಹಿಂಬಡ್ತಿ ಪಡೆದದ್ದು 2012ರಲ್ಲಿ. ಅದಾದ ಮರುವರ್ಷವೇ ಈ ಹೊಸ ತಂಡ ಬಂದದ್ದರಿಂದ, ಹಳೆಯ ಪ್ರೇಕ್ಷಕರಲ್ಲಿ ಕುತೂಹಲದ ಜೊತೆಗೆ ಒಂದಿಷ್ಟು ಮುನಿಸೂ ಇತ್ತು.

ಮುನಿಸು ಕರಗಿದ್ದು ಆಟದಿಂದ. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರರು. ಆಹಾರ, ನಿದ್ರೆ, ದೈಹಿಕ ಕ್ಷಮತೆಗಳ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಎದುರಾಳಿಗಳು ಏದುಸಿರು ಬಿಡುತ್ತಿರುವಾಗ ನಮ್ಮವರು ಇನ್ನೂ ಓಡುತ್ತಿದ್ದುದನ್ನು ಗ್ಯಾಲರಿಯಲ್ಲಿ ಕೂತವರೆಲ್ಲ ಕಂಡಿದ್ದಾರೆ. ನಾಯಕ ಸುನಿಲ್ ಚೆಟ್ರಿ 14 ಗೋಲು ಹೊಡೆದರು. ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಹಿಂದೆ ಕೋಟೆ ಕಾಯುತ್ತಿದ್ದರು. ಕ್ರೀಡಾಂಗಣ ಚಿಕ್ಕದು, ಸೌಕರ್ಯವಂತೂ ಹೇಳಿಕೊಳ್ಳುವಂಥದಲ್ಲ. ಆದರೆ ಚಿಕ್ಕದಾದುದರಿಂದಲೇ ಕೆಲವು ಸಾವಿರ ಮಂದಿಯ ಕೂಗು ಮೈದಾನವನ್ನು ತುಂಬುತ್ತಿತ್ತು. ಪಶ್ಚಿಮದ ಗ್ಯಾಲರಿಯಲ್ಲಿ ನಿಂತೇ ಪಂದ್ಯ ನೋಡುತ್ತಿದ್ದ ಯುವಕರು ತಮ್ಮ ಗುಂಪಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡರು. ಅವರ ಹಾಡುಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಎಲ್ಲವೂ ಬೆರೆತಿರುತ್ತಿತ್ತು. ಕೆಲವು ಪದಗಳನ್ನು ಇಲ್ಲಿ ಬರೆಯುವಂತಿಲ್ಲ. 2014ರ ಏಪ್ರಿಲ್ 21ರಂದು ಮಡಗಾಂವ್‌ನ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಬೆಂಗಳೂರು ಚಾಂಪಿಯನ್ ಆಯಿತು, ತಾನು ಆಡಿದ ಮೊದಲ ಋತುವಿನಲ್ಲೇ.

ಇನ್ನು ಉಳಿದ ಸಾಲುಗಳು. ಗೋವಾದ ಚರ್ಚಿಲ್ ಬ್ರದರ್ಸ್ ಅದೇ 2014ರ ಜನವರಿಯಲ್ಲಿ ಫೆಡರೇಷನ್ ಕಪ್ ಗೆದ್ದಿತ್ತು. ಮುಂದಿನ ಋತುವಿನ ಲೀಗಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್, ಪ್ರಾಯೋಜಕರು ಕೈಬಿಟ್ಟು ಹಣಕ್ಕೆ ಪರದಾಡಿದ ಯುನೈಟೆಡ್ ಎಸ್‌ಸಿ, ಶಿಲ್ಲಾಂಗ್‌ನ ರಂಗ್‌ದಾಜೀಡ್ ಯುನೈಟೆಡ್ ಇವೂ ಅದರ ಜೊತೆಗೇ ಹೊರಬಿದ್ದವು. ರಂಗ್‌ದಾಜೀಡ್‌ಗೆ ಐ-ಲೀಗ್‌ನಲ್ಲಿ ಅದೇ ಮೊದಲ ಋತು, ಅದೇ ಕೊನೆಯದು. ಯುವಕರನ್ನು ಬೆಳೆಸುವುದರಲ್ಲಿ ಹೆಸರು ಮಾಡಿದ್ದ ಪುಣೆ ಎಫ್‌ಸಿ ಮರುವರ್ಷ ಹಿರಿಯರ ತಂಡವನ್ನು ಮುಚ್ಚಿತು. ಡೆಂಪೊ, ಸಲ್ಗಾಂವ್‌ಕರ್, ಸ್ಪೋರ್ಟಿಂಗ್ ಗೋವಾ ತಂಡಗಳು 2016ರಲ್ಲಿ ಫೆಡರೇಷನ್ನಿನ ಮುನ್ನೋಟವನ್ನು ಪ್ರತಿಭಟಿಸಿ ಲೀಗನ್ನೇ ತೊರೆದವು. ಮುಂಬೈ ಎಫ್‌ಸಿ 2017ರಲ್ಲಿ ಕಣ್ಮರೆಯಾಯಿತು. ಲೆಕ್ಕ ಹಾಕಿ ನೋಡಿದೆ: ಮೂರೇ ವರ್ಷಗಳಲ್ಲಿ ಹದಿಮೂರರಲ್ಲಿ ಒಂಬತ್ತು ತಂಡಗಳು ಒಮ್ಮೆಯಾದರೂ ಲೀಗಿನ ಹೊರಗಿದ್ದವು. ಕೆಲವು ಮರಳಿ ಬಂದವು, ಕೆಲವು ಬರಲಿಲ್ಲ. ಇದರಲ್ಲಿ ಆಟದ ಮೈದಾನದಲ್ಲಿ ಸೋತು ಹೋದವು ಎಷ್ಟು? ಬೆರಳೆಣಿಕೆ.

ಈ ಅವಸಾನಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. 2010ರಲ್ಲಿ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಅವಧಿಗೆ, 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್‌ಗೆ ವಹಿಸಿತು. ಆ ಒಪ್ಪಂದದ ಫಲವಾಗಿ 2014ರ ಅಕ್ಟೋಬರಿನಲ್ಲಿ, ಅಂದರೆ ನಮ್ಮ ವಿಜಯದ ಆರು ತಿಂಗಳಿಗೆ, ಇಂಡಿಯನ್ ಸೂಪರ್ ಲೀಗ್ ಬಂತು. ಬಣ್ಣ, ಬೆಳಕು, ಸಿನಿಮಾ ತಾರೆಯರು ಎಲ್ಲ ಅತ್ತ ಹೋದವು. ಅಂಕ ಗಳಿಸಿ ಮೇಲಕ್ಕೇರುವ ಹಾದಿಯಿಲ್ಲದ, ಸೋತರೂ ಕೆಳಗಿಳಿಯುವ ಭಯವಿಲ್ಲದ ಲೀಗ್ ಅದು. ಐ-ಲೀಗ್ ಗೆದ್ದ ತಂಡವೊಂದು ಬಡ್ತಿ ಪಡೆದು ಅದರೊಳಗೆ ಕಾಲಿಡಲು 2023ರವರೆಗೆ ಕಾಯಬೇಕಾಯಿತು.

ಇದನ್ನು ಬರೆಯುವಾಗ ನನ್ನ ಬಾಯಿಗೂ ಬೀಗ ಬೀಳಬೇಕಾದ ಸಂಗತಿಯೊಂದಿದೆ. ನಮ್ಮ ತಂಡವೂ ಕೆಳಗಿನ ಹಂತಗಳಿಂದ ಗೆದ್ದು ಬಂದದ್ದಲ್ಲ. ಬಿಡ್ ಸಲ್ಲಿಸಿ ಒಳಬಂದದ್ದು. 2017ರಲ್ಲಿ ಅದು ಎರಡು ಐ-ಲೀಗ್ ಪ್ರಶಸ್ತಿಗಳನ್ನು ಹೊತ್ತು ಸೂಪರ್ ಲೀಗಿಗೆ ನಡೆದಾಗ ನಾವು ಕಂಠೀರವದಲ್ಲಿ ಚಪ್ಪಾಳೆ ತಟ್ಟಿದೆವು. ಗೋವಾದ ಮೂರು ತಂಡಗಳು ಮನೆಗೆ ಹೋಗಿ ಆಗಷ್ಟೇ ವರ್ಷವಾಗಿತ್ತು. ಅವರ ಗ್ಯಾಲರಿಗಳಲ್ಲಿ ಕೂತಿದ್ದವರು ಏನು ಮಾಡುತ್ತಿದ್ದಾರೆಂದು ನಾನಂತೂ ಯೋಚಿಸಲಿಲ್ಲ.

ಆ 15 ವರ್ಷಗಳು ಮುಗಿಯುವ ಹೊತ್ತಿಗೆ ಬಿಸಿ ನಮಗೂ ತಟ್ಟಿತು. ಒಪ್ಪಂದದ ನವೀಕರಣ ಇತ್ಯರ್ಥವಾಗದೆ 2025ರ ಜುಲೈನಲ್ಲಿ ಸೂಪರ್ ಲೀಗಿನ ಹೊಸ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಕೆಲವೇ ತಿಂಗಳ ಹಿಂದೆ, ಏಪ್ರಿಲ್ 12ರಂದು, ಇದೇ ತಂಡ ಕೋಲ್ಕತ್ತದಲ್ಲಿ ಫೈನಲ್ ಆಡಿ ಮೋಹನ್ ಬಾಗಾನ್‌ಗೆ 2–1ರಿಂದ ಸೋತಿತ್ತು. ಆ ಋತುವಿನಲ್ಲಿ ನಲವತ್ತು ದಾಟಿದ್ದ ಚೆಟ್ರಿ ಹೊಡೆದ ಗೋಲುಗಳು ಮತ್ತೆ 14. ಸಾಮಾನ್ಯವಾಗಿ ಮಳೆಗಾಲ ಮುಗಿಯುತ್ತಲೇ ಶುರುವಾಗುತ್ತಿದ್ದ ಲೀಗ್ ಕೊನೆಗೆ ಆರಂಭವಾದದ್ದು 2026ರ ಫೆಬ್ರುವರಿಯಲ್ಲಿ, ಅದೂ ಮೊಟಕಾಗಿ.

ಚೆಟ್ರಿಯಂಥವರು ಹೇಗೋ ದಡ ಸೇರುತ್ತಾರೆ. ನನಗೆ ನೆನಪಾಗುವುದು ತಂದೆಯ ಕಾರ್ಖಾನೆಯ ತಂಡದ ಗೋಲ್‌ಕೀಪರ್. ಮಂಡಿಗೆ ಪೆಟ್ಟಾಗಿ ಆಟ ನಿಂತ ಮೇಲೆ ಅವರು ಉಗ್ರಾಣ ವಿಭಾಗದಲ್ಲಿ ಗುಮಾಸ್ತರಾದರು. ಇಪ್ಪತ್ತೆರಡು ವರ್ಷ ಅಲ್ಲಿ ಕೂತು ನಿವೃತ್ತರಾದರು. ಆ ತಂಡಗಳ ಆಟ ವೃತ್ತಿಪರವಾಗಿರಲಿಲ್ಲವೆಂದು ನಾವು ಮೂಗು ಮುರಿಯುತ್ತಿದ್ದೆವು. ಮೂಗು ಮುರಿದದ್ದರಲ್ಲಿ ತಪ್ಪೇನೂ ಇರಲಿಲ್ಲ, ಆಟ ನಿಜಕ್ಕೂ ನಿಧಾನವಾಗಿತ್ತು. ಆದರೆ ತಿಂಗಳ ಒಂದನೇ ತಾರೀಕು ಅವರಿಗೆ ಸಂಬಳ ಬರುತ್ತಿತ್ತು, ಮಗಳ ಮದುವೆಗೆ ಭವಿಷ್ಯ ನಿಧಿಯಿತ್ತು. 2025ರ ಆಗಸ್ಟಿನ ಆ ಪ್ರಕಟಣೆಯನ್ನು ಓದುವಾಗ ತಂಡದ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರ ಹೆಸರುಗಳನ್ನು ಒಂದೊಂದಾಗಿ ನೆನೆದೆ. ಹಲವರು ಈಶಾನ್ಯದವರು, ಮನೆಗೆ ಹಣ ಕಳಿಸುವವರು. ಒಬ್ಬ ಫುಟ್‌ಬಾಲಿಗನ ಕಾಲಿನಲ್ಲಿ ಹೆಚ್ಚೆಂದರೆ ಹದಿನೈದು ಋತುಗಳಿರುತ್ತವೆ.